ಸೀಸದ ಗಟ್ಟಿಯ ಮೇಲಿನ ಇಸವಿ

1771ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಹಿಂಟ್ಸ್ ಎಂಬಲ್ಲಿ ಒಂದು ಸೀಸದ ಗಟ್ಟಿ ಸಿಕ್ಕಿತು. ತೂಕ ಸುಮಾರು 70 ಕೆಜಿ. ಒಬ್ಬರೇ ಎತ್ತಿ ಒಯ್ಯುವಂಥದ್ದಲ್ಲ. ಮೇಲ್ಭಾಗದಲ್ಲಿ ಉಬ್ಬಕ್ಷರಗಳ ಸಾಲೊಂದು, ಪಕ್ಕದಲ್ಲಿ ಚಿಕ್ಕದೊಂದು ಬರಹ. ಕಾದ ಸೀಸವನ್ನು ಅಚ್ಚಿಗೆ ಹೊಯ್ದಾಗಲೇ ಮೂಡಿದ ಅಕ್ಷರಗಳು ಅವು. ಅಂದರೆ ಅಚ್ಚು ಮಾಡಿದವನು ಇಡೀ ಸಾಲನ್ನು ತಿರುವುಮುರುವಾಗಿ ಕೊರೆದಿರಬೇಕು!

ಮೇಲಿನ ಸಾಲಿನ ಅರ್ಥ ಇಷ್ಟು: ರೋಮನ್ ಚಕ್ರವರ್ತಿ ವೆಸ್ಪೇಸಿಯನ್ 7ನೇ ಸಲ, ಅವನ ಮಗ ಟೈಟಸ್ 5ನೇ ಸಲ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ. ರೋಮನ್ನರು ವರ್ಷವನ್ನು ಗುರುತಿಸುತ್ತಿದ್ದದ್ದೇ ಆ ವರ್ಷದ ಇಬ್ಬರು ಕಾನ್ಸಲ್‌ಗಳ ಹೆಸರಿನಿಂದ. ಅವರ ಪಟ್ಟಿ ಉಳಿದುಬಂದಿದೆ. ಹೊಂದಿಸಿ ನೋಡಿದರೆ ಸಿಗುವುದು ಒಂದೇ ವರ್ಷ, ಕ್ರಿ.ಶ. 76. ಅಪ್ಪ-ಮಗನ ಲೆಕ್ಕ ಎರಡೂ ಅಲ್ಲಿಗೇ ಬರುತ್ತವೆ. ಮಣ್ಣಲ್ಲಿ ಸಿಕ್ಕ ಎಷ್ಟು ವಸ್ತುಗಳಿಗೆ ಇಷ್ಟು ಖಚಿತವಾಗಿ ಇಸವಿ ಹೇಳೋಕಾಗುತ್ತೆ, ಹೇಳಿ?

ಪಕ್ಕದ ಬರಹ ಊರನ್ನು ಹೇಳುತ್ತದೆ. ಅದು ‘ಡೆ ಕೆಯಾಂಗ್’. ಈಶಾನ್ಯ ವೇಲ್ಸ್‌ನಲ್ಲಿದ್ದ ಡೆಕೆಯಾಂಗ್ಲಿ ಬುಡಕಟ್ಟಿನ ನಾಡಿನ ಸೀಸ ಎಂದರ್ಥ. ಗಟ್ಟಿ ಸಿಕ್ಕ ಕಾಲದಲ್ಲಿ ಇದರ ಬೆನ್ನು ಹತ್ತಿದವರಲ್ಲಿ ಥಾಮಸ್ ಪೆನ್ನಂಟ್ ಒಬ್ಬ. ಹುಟ್ಟಿದ್ದು ಅದೇ ಸೀಮೆಯ ಫ್ಲಿಂಟ್‌ಶೈರ್‌ನಲ್ಲಿ. ಅವನ ಹೆಸರು ಹೆಚ್ಚಾಗಿ ಪ್ರಾಣಿ-ಪಕ್ಷಿಗಳ ಅಧ್ಯಯನಕ್ಕೆ. ಪುರಾತತ್ವ ಅವನ ಹವ್ಯಾಸ. ಆದರೆ ತನ್ನ ಊರಿನ ಹಳೆಯ ಗಣಿಗಳ ಪರಿಚಯ ಅವನಿಗಿತ್ತು, ಅವುಗಳ ಜೊತೆಗೇ ಈ ಗಟ್ಟಿಯ ಬಗ್ಗೆಯೂ ಬರೆದ. ನನಗೆ ಹವ್ಯಾಸಿಗಳ ಮೇಲೆ ಗೌರವ ಮೂಡುವುದು ಇಂಥ ಕಡೆಯೇ. ಶಾಸನ ಓದಬಲ್ಲವರು ಎಲ್ಲೆಡೆ ಸಿಗುತ್ತಾರೆ, ಆ ನೆಲವನ್ನು ನಡೆದು ಬಲ್ಲವರು ಕಡಿಮೆ.

ಇಷ್ಟೊಂದು ಸೀಸ ಯಾಕೆ ಬೇಕಿತ್ತು? ಉತ್ತರದ ಒಂದು ತುಣುಕು ವೇಲ್ಸ್ ಗಡಿಯ ಬಳಿಯ ಚೆಸ್ಟರ್‌ನಲ್ಲಿದೆ. ಅಲ್ಲಿನ ಸೇನಾ ಕೋಟೆಯ ನೀರಿನ ಸೀಸದ ಪೈಪಿನ ಮೇಲೆ ಬ್ರಿಟನ್ನಿನ ರೋಮನ್ ರಾಜ್ಯಪಾಲ ಅಗ್ರಿಕೋಲನ ಹೆಸರಿದೆ, ಇಸವಿ ಕ್ರಿ.ಶ. 79. ಅದೇ ವರ್ಷ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ಕೂಡ ಇಲ್ಲಿನ ಸೀಸವನ್ನು ಗಮನಿಸಿದ್ದ. ಬ್ರಿಟನ್ನಿನಲ್ಲಿ ಸೀಸ ನೆಲದ ಮೇಲ್ಪದರದಲ್ಲೇ ಧಾರಾಳ ಸಿಗುತ್ತದೆ, ಇಂತಿಷ್ಟಕ್ಕಿಂತ ಜಾಸ್ತಿ ತೆಗೆಯಬಾರದೆಂದು ಕಾನೂನೇ ಇದೆ ಎಂದು ಅವನು ಬರೆದಿದ್ದಾನೆ.

ಗಟ್ಟಿ ಬಿದ್ದಿದ್ದ ಜಾಗವೂ ಸಾಕ್ಷಿಯೇ. ಹಿಂಟ್ಸ್ ಇರುವುದು ವಾಟ್ಲಿಂಗ್ ಸ್ಟ್ರೀಟ್ ಎಂಬ ರೋಮನ್ ರಸ್ತೆಯ ಬಳಿ. ಅಂಥವೇ 20 ಗಟ್ಟಿಗಳು ಚೆಷೈರ್‌ನ ದಡದಲ್ಲಿ ಸಿಕ್ಕಿದ್ದನ್ನು ಇತಿಹಾಸಕಾರ ವಿಲಿಯಂ ಕ್ಯಾಮ್ಡನ್ ಮೊದಲೇ ದಾಖಲಿಸಿದ್ದ. ವೇಲ್ಸ್‌ನ ಸೀಸ ರಸ್ತೆಯಲ್ಲೂ ಸಾಗಿತ್ತು, ನೀರಿನ ದಾರಿಯಲ್ಲೂ ಸಾಗಿತ್ತು.