ಸೇನೆಯ ಬಡ್ತಿಯಲ್ಲಿ ಅರ್ಹತೆ ಮತ್ತು ವಶೀಲಿ

ಸೇನಾ ಬಡ್ತಿಯ ಬಗ್ಗೆ ಪ್ರಬಂಧ ಬರೆಯುವಾಗ ಚಿತ್ರದುರ್ಗದ ನಮ್ಮ ಓದಿನ ಗುಂಪಿನಲ್ಲಿ ಬಹುತೇಕರು ಅರ್ಹತೆಯನ್ನು ಹೊಗಳಿ, ವಶೀಲಿಯನ್ನು ತೆಗಳಿ ಮುಗಿಸುತ್ತಾರೆ. ಆದರೆ ಇವೆರಡೂ ಒಂದೇ ವ್ಯಕ್ತಿಯಲ್ಲಿ ಕೂಡಿರುವುದೇ ಹೆಚ್ಚು. 1779ರಲ್ಲಿ ನಮ್ಮ ಕೋಟೆಯನ್ನು ಮದಕರಿ ನಾಯಕನಿಂದ ಗೆದ್ದುಕೊಂಡ ಹೈದರ್ ಅಲಿಯನ್ನೇ ನೋಡಿ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅವನು ಮೈಸೂರಿನ ಸರ್ವಾಧಿಕಾರಿ (ಆಡಳಿತದ ಮುಖ್ಯ ಮಂತ್ರಿ) ನಂಜರಾಜಯ್ಯನ ಕಣ್ಣಿಗೆ ಬಿದ್ದದ್ದು ತನ್ನ ಧೈರ್ಯದಿಂದ. ಆ ಧೈರ್ಯ ತೋರಿಸಲು ಅಲ್ಲಿ ಜಾಗ ಸಿಕ್ಕಿದ್ದು ಅಣ್ಣ ಶಹಬಾಜ್ ಮೈಸೂರು ಸೇನೆಯಲ್ಲಿ ಅಧಿಕಾರಿಯಾಗಿದ್ದ ಕಾರಣದಿಂದ. ಸಂಬಂಧ ಅವಕಾಶವನ್ನು ಕೊಟ್ಟಿತು, ಉಳಿದದ್ದನ್ನು ಸಾಮರ್ಥ್ಯ ಮಾಡಿತು.

ಬ್ರಿಟಿಷ್ ಸೇನೆಯಲ್ಲಂತೂ ಪದಾತಿ ಮತ್ತು ಅಶ್ವದಳದ ಅಧಿಕಾರಿ ಹುದ್ದೆಗಳು 1871ರವರೆಗೆ ಬಹುಮಟ್ಟಿಗೆ ಹಣಕ್ಕೆ ಮಾರಾಟವಾಗುತ್ತಿದ್ದವು. ಲೆಕ್ಕ ತಪ್ಪಿದರೆ ಗುಂಡು ಗುರಿ ಮುಟ್ಟದ ಫಿರಂಗಿದಳದಲ್ಲಿ ಈ ವ್ಯಾಪಾರ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಇಂದಿನ ಭಾರತೀಯ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗಿನ ಬಡ್ತಿ ಸೇವಾವಧಿಯನ್ನು ಆಧರಿಸಿದೆ. ಕರ್ನಲ್ ಹುದ್ದೆಯಿಂದ ಆಯ್ಕೆ ಮಂಡಳಿಯ ಕೆಲಸ ಆರಂಭವಾಗುತ್ತದೆ. ಕರ್ನಲ್ ಹುದ್ದೆಯ ಆಯ್ಕೆಯಲ್ಲಿ ವಾರ್ಷಿಕ ಗೌಪ್ಯ ವರದಿ, ತರಬೇತಿ, ಪದಕಗಳಿಗೆ ಸೇರಿ 100ಕ್ಕೆ 95 ಅಂಕಗಳು ಮೊದಲೇ ನಿಗದಿಯಾಗಿರುತ್ತವೆ. ಮಂಡಳಿಯ ಸದಸ್ಯರ ವಿವೇಚನೆಗೆ ಉಳಿಯುವುದು 5 ಮಾತ್ರ. ಅಭ್ಯರ್ಥಿಯ ಹೆಸರನ್ನೂ ಅವರಿಂದ ಮರೆಮಾಡಲಾಗುತ್ತದೆ. ಹೀಗಾಗಿ ಮಂಡಳಿಯ ಕೊಠಡಿಯಲ್ಲಿ ಶಿಫಾರಸು ಕೆಲಸ ಮಾಡುವುದು ಕಷ್ಟ. ಅದು ಕೆಲಸ ಮಾಡುವುದಾದರೆ ವರ್ಷಗಳ ಹಿಂದೆಯೇ, ಅಂದರೆ ಯಾರಿಗೆ ಯಾವ ತುಕಡಿ, ಯಾರ ಕೈಕೆಳಗೆ ನೇಮಕ ಎಂಬುದು ತೀರ್ಮಾನವಾಗುವ ಹಂತದಲ್ಲಿ ಮಾಡಬೇಕು. ಏಕೆಂದರೆ ಮುಂದೆ ತೂಗಲಾಗುವ ವರದಿ ಅಲ್ಲಿಯೇ ಬರೆಯಲ್ಪಡುತ್ತದೆ. ಒಬ್ಬ ಅಧಿಕಾರಿಯ ಬಗ್ಗೆ ಹಲವು ಹಂತದ ಮೇಲಧಿಕಾರಿಗಳು ಬೇರೆಬೇರೆಯಾಗಿ ಬರೆಯುವ ವ್ಯವಸ್ಥೆ ಒಬ್ಬನ ಮೆಚ್ಚುಗೆಯ ಅತಿರೇಕವನ್ನು ತಡೆಯುತ್ತದೆ. ಆದರೆ ಒಳ್ಳೆಯ ನೇಮಕವೇ ಸಿಗದವನ ನಷ್ಟವನ್ನು ಯಾವ ಅಂಕಪಟ್ಟಿಯೂ ತೋರಿಸದು.

ಮೇಲಿನ ಹುದ್ದೆಗಳಿಗೆ ಬಂದಾಗ ಚಿತ್ರ ಇನ್ನಷ್ಟು ಸಂಕೀರ್ಣ. 1959ರಲ್ಲಿ ಆಗಿನ ಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ನೆಹರೂ ಮನವೊಲಿಸಿದ ಮೇಲೆ ಹಿಂಪಡೆದರು; ಬಡ್ತಿಗಳ ವಿಚಾರವೂ ಆ ಜಗಳದಲ್ಲಿತ್ತು. ಅದೇ ವರ್ಷ ಮೆನನ್ ಬೆಂಬಲದಿಂದ ಲೆಫ್ಟಿನೆಂಟ್ ಜನರಲ್ ಆದ ಬಿ.ಎಂ. ಕೌಲ್ ಅಸಮರ್ಥರೇನಲ್ಲ: ಅಂಬಾಲಾದಲ್ಲಿ ಸೈನಿಕರ ಕೈಯಿಂದಲೇ ವಸತಿಗೃಹಗಳನ್ನು ಕಟ್ಟಿಸಿ ಹೆಸರು ಮಾಡಿದ್ದರು. ಆದರೆ ಯುದ್ಧದಲ್ಲಿ ಪಡೆ ನಡೆಸಿದ ಅನುಭವವಿಲ್ಲದ ಅವರಿಗೆ 1962ರ ಅಕ್ಟೋಬರ್‌ನಲ್ಲಿ ಚೀನಾ ಗಡಿಯ 4ನೇ ಕೋರ್ (ಹಲವು ಡಿವಿಷನ್‌ಗಳ ದೊಡ್ಡ ಪಡೆ) ವಹಿಸಲಾಯಿತು. ಒಂದು ಕ್ಷೇತ್ರದ ದಕ್ಷತೆಯನ್ನು ಇನ್ನೊಂದಕ್ಕೆ ಪ್ರಮಾಣಪತ್ರವೆಂದು ಒಪ್ಪಿಕೊಳ್ಳುವಂತೆ ಮಾಡುವುದರಲ್ಲಿಯೇ ಆಪ್ತತೆಯ ಅಪಾಯವಿದೆ ಎಂಬುದು ನನ್ನ ಅಭಿಪ್ರಾಯ.

ಈ ಭಯದಿಂದಲೇ ಹಲವರು ಜ್ಯೇಷ್ಠತೆಯನ್ನು ನೆಚ್ಚುತ್ತಾರೆ. 1983ರಲ್ಲಿ ಸೇವೆಯಲ್ಲಿ ಹಿರಿಯರಾಗಿದ್ದ ಎಸ್.ಕೆ. ಸಿನ್ಹಾ ಅವರನ್ನು ಬದಿಗಿಟ್ಟು ಎ.ಎಸ್. ವೈದ್ಯ ಅವರನ್ನು ಸೇನಾ ಮುಖ್ಯಸ್ಥರನ್ನಾಗಿ ಆರಿಸಿದಾಗ ಸಿನ್ಹಾ ಸೇನೆ ತೊರೆದರು. 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಆಯ್ಕೆಯಾದಾಗಲೂ ಚರ್ಚೆ ಎದ್ದಿತು. ವೈದ್ಯ ಎರಡು ಬಾರಿ ಮಹಾವೀರ ಚಕ್ರ ಪಡೆದವರು. ಆದ್ದರಿಂದ ಅಲ್ಲಿ ಅರ್ಹತೆಯ ಕೊರತೆ ಇತ್ತೆಂದು ವಾದಿಸುವುದು ಸುಲಭವಲ್ಲ. ಜ್ಯೇಷ್ಠತೆ ಅರ್ಹತೆಯನ್ನು ಅಳೆಯುವುದಿಲ್ಲ, ಆಳುವವರ ಇಷ್ಟಾನಿಷ್ಟಕ್ಕೆ ಅಡ್ಡ ನಿಲ್ಲುತ್ತದೆ ಅಷ್ಟೆ. ಪ್ರಬಂಧ ಬರೆಯುವಾಗ ಅರ್ಹತೆಯನ್ನು ಅಳೆಯುವುದು, ಇಷ್ಟಾನಿಷ್ಟವನ್ನು ತಡೆಯುವುದು ಎಂಬ ಈ ಎರಡನ್ನು ಬೇರೆಬೇರೆ ಪ್ಯಾರಾದಲ್ಲಿ ಇಡಬೇಕು.