ಚೀನಾ ಇದ್ದೂ ಉತ್ತರ ಕೊರಿಯಾ ಯಾಕೆ ಬಗ್ಗುವುದಿಲ್ಲ?

ಶಿವಮೊಗ್ಗದ ನಮ್ಮ ಓದಿನ ಗುಂಪಿನಲ್ಲಿ ಹೋದ ವಾರ ಎದ್ದ ಪ್ರಶ್ನೆ ಇದು: ಉತ್ತರ ಕೊರಿಯಾದ ವಿದೇಶಿ ವ್ಯಾಪಾರದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಚೀನಾದ್ದು. ಹಾಗಿದ್ದೂ ಚೀನಾ ಹೇಳಿದಂತೆ ಅಲ್ಲಿನ ಸರ್ವಾಧಿಕಾರಿ ಕಿಮ್ ಜಾಂಗ್ ಉನ್ ಯಾಕೆ ಕೇಳುವುದಿಲ್ಲ? ಪರೀಕ್ಷೆಯ ಗೈಡ್‌ಗಳಲ್ಲಿ 'ಚೀನಾದ ಕೈಗೊಂಬೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಆ ಸಾಲನ್ನು ಬಾಯಿಪಾಠ ಮಾಡಬೇಡಿ.

ಕೊರಿಯಾ ಯುದ್ಧದ ಭಾಗ ಎಲ್ಲರಿಗೂ ಗೊತ್ತಿರುವುದೇ. 1950ರ ಅಕ್ಟೋಬರ್‌ನಲ್ಲಿ ಚೀನಾದ ಪಡೆಗಳು ಗಡಿಯ ಯಾಲು ನದಿ ದಾಟಿದವು, ಸೋಲುವ ಹಂತದಲ್ಲಿದ್ದ ಕಿಮ್ ಇಲ್ ಸುಂಗ್ (ಈಗಿನ ಕಿಮ್‌ನ ಅಜ್ಜ) ಉಳಿದುಕೊಂಡ. ಮಾವೋನ ಮಗ ಮಾವೋ ಆನ್‌ಯಿಂಗ್ ಸತ್ತದ್ದೂ ಅದೇ ಯುದ್ಧದಲ್ಲಿ. 1953ರಲ್ಲಿ ಕದನವಿರಾಮವಾಯಿತು, 1958ರಲ್ಲಿ ಚೀನಾದ ಸೇನೆ ಪೂರ್ತಿ ವಾಪಸಾಯಿತು. ಈ 1958ಕ್ಕೆ ಅಡಿಗೆರೆ ಹಾಕಿಕೊಳ್ಳಿ. ಅಲ್ಲಿಂದೀಚೆಗೆ ಆ ನೆಲದಲ್ಲಿ ಚೀನಾದ ಸೇನೆ ಇಲ್ಲ.

ನನ್ನ ಮಟ್ಟಿಗೆ ಇಡೀ ಸಂಬಂಧದ ಬೀಗದ ಕೈ ಇರುವುದು 1956ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಪಕ್ಷದ ಕೇಂದ್ರ ಸಮಿತಿ ಸಭೆಯಲ್ಲೇ ಕೆಲವು ನಾಯಕರು ಕಿಮ್‌ನನ್ನು ಟೀಕಿಸಿದರು. ಅವರಲ್ಲಿ ಮುಖ್ಯರಾದವರು ಯೆನಾನ್ ಬಣದವರು, ಅಂದರೆ ಹಿಂದೆ ಚೀನಾದಲ್ಲಿದ್ದು ಅಲ್ಲಿನ ಕಮ್ಯುನಿಸ್ಟರ ಜೊತೆ ಹೋರಾಡಿದ್ದ ಕೊರಿಯನ್ನರು. ಅವರಿಗೆ ಸೋವಿಯತ್ ಹಿನ್ನೆಲೆಯ ಕೆಲವರ ಬೆಂಬಲವೂ ಇತ್ತು. ಟೀಕೆ ವಿಫಲವಾಗಿ ಕೆಲವರು ಚೀನಾಕ್ಕೆ ಓಡಿದರು. ಸೆಪ್ಟೆಂಬರ್‌ನಲ್ಲಿ ಚೀನಾದಿಂದ ಪೆಂಗ್ ದೆಹುವಾಯ್, ಸೋವಿಯತ್‌ನಿಂದ ಮಿಕೋಯಾನ್ ಒಟ್ಟಿಗೇ ಪ್ಯಾಂಗ್ಯಾಂಗ್‌ಗೆ ಬಂದು ಕೂತರು. ಹೊರಹಾಕಿದವರನ್ನು ವಾಪಸ್ ಸೇರಿಸಿಕೊಳ್ಳುವಂತೆ ಒತ್ತಡ ಹಾಕಿದರು. ಕಿಮ್ ಆಗ ಒಪ್ಪಿದ. ಅವರು ಹೋದ ಮೇಲೆ, ಮುಂದಿನ ವರ್ಷಗಳಲ್ಲಿ, ಆ ಎರಡೂ ಬಣಗಳನ್ನು ಬೇರುಸಹಿತ ಕಿತ್ತ.

ಸರ್ವಾಧಿಕಾರಿಗೆ ಶತ್ರುವಿಗಿಂತ ಹೆಚ್ಚಿನ ಭಯ ಮಿತ್ರನದು, ಏಕೆಂದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದು ಕೂರಿಸುವ ಶಕ್ತಿ ಮಿತ್ರನಿಗಿದೆ. ಇದು ಹಿಡಿತಕ್ಕೆ ಸಿಕ್ಕಿದರೆ ಮುಂದಿನ ಘಟನೆಗಳು ತಾವೇ ಅರ್ಥವಾಗುತ್ತವೆ. 2013ರ ಡಿಸೆಂಬರ್‌ನಲ್ಲಿ ಕಿಮ್ ಜಾಂಗ್ ಉನ್ ತನ್ನ ಸೋದರತ್ತೆಯ ಗಂಡ ಜಾಂಗ್ ಸಾಂಗ್ ಥೇಕ್‌ಗೆ ಮರಣದಂಡನೆ ಕೊಡಿಸಿದ. ಚೀನಾದ ಜೊತೆಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದವನೇ ಅವನು. ಕಲ್ಲಿದ್ದಲು ಮುಂತಾದ ಸಂಪತ್ತನ್ನು ಅಗ್ಗಕ್ಕೆ ಮಾರಿದ ಎಂಬುದು ಆರೋಪಗಳಲ್ಲೊಂದು. 2017ರ ಫೆಬ್ರವರಿಯಲ್ಲಿ ಮಲತಾಯಿಯ ಮಗನಾದ ಅಣ್ಣ ಕಿಮ್ ಜಾಂಗ್ ನಾಮ್ ಕ್ವಾಲಾಲಂಪುರ ವಿಮಾನ ನಿಲ್ದಾಣದಲ್ಲಿ ನರವಿಷಕ್ಕೆ ಬಲಿಯಾದ. ಅವನು ನೆಲೆಸಿದ್ದು ಚೀನಾದ ಮಕಾವ್‌ನಲ್ಲಿ. ಉತ್ತರ ಕೊರಿಯಾ ತನ್ನ ಕೈವಾಡವಿಲ್ಲ ಎಂದಿತು.

ಇನ್ನು ಚೀನಾ ಯಾಕೆ ಸಹಿಸುತ್ತದೆ? ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಮನೆಯವನ ಜೊತೆ ಎಷ್ಟೇ ಜಗಳವಿದ್ದರೂ ಮಳೆಗಾಲದಲ್ಲಿ ಅವನ ಧರೆ ಜಾರದಿರಲಿ ಅಂತ ಮೇಲಿನ ತೋಟದವನೇ ಹಾರೈಸಬೇಕು, ಜಾರಿದರೆ ತೋಟವೂ ಹೋಗುತ್ತದೆ. ಕಿಮ್ ಆಡಳಿತ ಕುಸಿದರೆ ನಿರಾಶ್ರಿತರು ಸುಮಾರು 1,400 ಕಿ.ಮೀ. ಗಡಿಯತ್ತ ನುಗ್ಗುತ್ತಾರೆ, ದಕ್ಷಿಣದಲ್ಲಿರುವ ಅಮೆರಿಕದ ಸೇನೆ ಯಾಲುವಿನವರೆಗೂ ಬರಬಹುದು. ಅದಕ್ಕೇ 2006ರ ಮೊದಲ ಅಣುಪರೀಕ್ಷೆಯ ನಂತರ ಭದ್ರತಾ ಮಂಡಳಿಯ ನಿರ್ಬಂಧಗಳಿಗೆ ಚೀನಾ ಮತ ಹಾಕಿದರೂ ಕಚ್ಚಾತೈಲ ಪೂರ್ತಿ ನಿಲ್ಲಲು ಬಿಡಲಿಲ್ಲ. 2017ರ ಡಿಸೆಂಬರ್‌ನ 2397ನೇ ನಿರ್ಣಯದಲ್ಲೂ ವರ್ಷಕ್ಕೆ 40 ಲಕ್ಷ ಬ್ಯಾರೆಲ್ ಕಚ್ಚಾತೈಲಕ್ಕೆ ಅವಕಾಶ ಉಳಿಯಿತು.

ಹೋಲಿಕೆಗೆ ಬೆಲಾರಸ್ ತೆಗೆದುಕೊಳ್ಳಿ. ಅಲ್ಲಿನ ಅಧ್ಯಕ್ಷ ಲುಕಾಶೆಂಕೊ ಕೂಡ ವರ್ಷಗಟ್ಟಲೆ ರಷ್ಯಾ ಜೊತೆ ಚೌಕಾಸಿ ಮಾಡಿದವನೇ. ಆದರೆ 2020ರಲ್ಲಿ ಜನ ಬೀದಿಗಿಳಿದಾಗ ಅವನ ಕುರ್ಚಿ ಉಳಿಸಲು ಪುಟಿನ್ ಬೇಕಾಯಿತು. 2022ರಲ್ಲಿ ರಷ್ಯಾದ ಸೇನೆ ಬೆಲಾರಸ್ ನೆಲದಿಂದಲೂ ಉಕ್ರೇನ್‌ಗೆ ನುಗ್ಗಿತು. ಕಿಮ್ ವಂಶ ಆ ಸ್ಥಿತಿಗೆ ಬರದಂತೆ ಕ್ರೂರವಾಗಿ ಎಚ್ಚರ ವಹಿಸಿದೆ. ಆ ಎಚ್ಚರದ ಬೆಲೆ ತೆತ್ತವರು ಅಲ್ಲಿನ ಜನ. 1990ರ ದಶಕದ ಬರಗಾಲದಲ್ಲಿ ಲಕ್ಷಾಂತರ ಮಂದಿ ಸತ್ತರು. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ಎರಡನೇ ಆಸರೆ ಹುಡುಕುವುದೂ ಹಳೆಯ ದಾರಿಯೇ. 1961ರ ಜುಲೈ 6ಕ್ಕೆ ಮಾಸ್ಕೋ ಜೊತೆ, 11ಕ್ಕೆ ಬೀಜಿಂಗ್ ಜೊತೆ ರಕ್ಷಣಾ ಒಪ್ಪಂದವಾಯಿತು. 2024ರ ಜೂನ್‌ನಲ್ಲಿ ಪುಟಿನ್ ಪ್ಯಾಂಗ್ಯಾಂಗ್‌ಗೆ ಬಂದು ಹೊಸ ಒಪ್ಪಂದಕ್ಕೆ ಸಹಿ ಹಾಕಿದ. 2025ರ ಸೆಪ್ಟೆಂಬರ್ 3ರ ಬೀಜಿಂಗ್ ಪಥಸಂಚಲನದಲ್ಲಿ ಷಿ ಜಿನ್‌ಪಿಂಗ್ ಪಕ್ಕದಲ್ಲಿ ಪುಟಿನ್ ಮತ್ತು ಕಿಮ್ ಇಬ್ಬರೂ ಇದ್ದರು. ಮುಂದಿನ ಭಾನುವಾರ 1961ರ ಚೀನಾ ಒಪ್ಪಂದದ 2ನೇ ವಿಧಿ ಓದೋಣ. ದಾಳಿಯಾದರೆ ನೆರವಿಗೆ ಬರಬೇಕು ಎನ್ನುವ ಆ ವಿಧಿ ಈಗಲೂ ಜಾರಿಯಲ್ಲಿದೆ.