ಡೇರೆ ತಿಂದ ಬೂಷ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯಕ್ಕೆ ಹೊಸದೊಂದು ಕಾಟ ಶುರುವಾಯಿತು. ಹತ್ತಿ ಬಟ್ಟೆಯ ಡೇರೆಗಳು ಸುಮ್ನೆ ಕೊಳೆತು ಚಿಂದಿಯಾಗುತ್ತಿದ್ದವು. ಸಾಲೊಮನ್ ದ್ವೀಪಗಳಿಂದ ತರಿಸಿದ ಇಂಥ ಬಟ್ಟೆಯಲ್ಲಿ ಒಂದು ಶಿಲೀಂಧ್ರ, ಅಂದರೆ ಬೂಷ್ಟು, ಸಿಕ್ಕಿತು. ಹತ್ತಿಯ ನಾರಿನ ಅಂಶವಾದ ಸೆಲ್ಯುಲೋಸನ್ನು ಒಡೆದು ಸಕ್ಕರೆ ಮಾಡುವುದರಲ್ಲಿ ಅದು ನಿಸ್ಸೀಮ. ಸೈನ್ಯಕ್ಕೆ ಬೇಕಿದ್ದದ್ದು ಅದನ್ನು ತಡೆಯುವ ದಾರಿ. ಸೈನ್ಯದ ಪ್ರಯೋಗಾಲಯದಲ್ಲಿದ್ದ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಮುಂದೆ ಆ ಹಸಿವನ್ನೇ ಕೆಲಸಕ್ಕೆ ಹಚ್ಚಲು ಹೊರಟರು. ರೀಸ್ ಹೆಸರಿನಲ್ಲೇ ಅದು ಈಗ ಟ್ರೈಕೋಡರ್ಮಾ ರೀಸೈ. ಜೀನ್ಸ್ ಬಟ್ಟೆ ಮೆದು ಮಾಡಲು, ಹುಲ್ಲು-ದಂಟಿನಿಂದ ಎಥೆನಾಲ್ ತೆಗೆಯಲು ಅದರ ಕಿಣ್ವಗಳು, ಅಂದರೆ ಆಹಾರವನ್ನು ಒಡೆಯುವ ಎಂಜೈಮ್‌ಗಳು, ಬೇಕು.

ಶಿಲೀಂಧ್ರಕ್ಕೆ ಬಾಯಿ ಇಲ್ಲ, ಹೊಟ್ಟೆಯೂ ಇಲ್ಲ. ನೂಲಿನಂಥ ಎಳೆಗಳನ್ನು ಚಾಚಿ, ಕಿಣ್ವಗಳನ್ನು ಹೊರಗೆ ಸುರಿಸಿ, ಅಲ್ಲೇ ಜೀರ್ಣಿಸಿ ಹೀರಿಕೊಳ್ಳುತ್ತದೆ. ಹಾಗೆ ಹೊರಗೆ ಸುರಿದದ್ದನ್ನು ಕಾರ್ಖಾನೆ ಸೋಸಿಕೊಳ್ಳುತ್ತದೆ.

ಸಿಟ್ರಿಕ್ ಆಮ್ಲದ ಕಥೆ ಇನ್ನೂ ಹಳೆಯದು. 1784ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ಅದನ್ನು ನಿಂಬೆರಸದಿಂದ ಬೇರ್ಪಡಿಸಿದ. ಮುಂದೆ ಈ ವ್ಯಾಪಾರ ಬಹುಪಾಲು ಇಟಲಿಯ ನಿಂಬೆತೋಟಗಳ ಹಿಡಿತದಲ್ಲಿತ್ತು. ಮೊದಲ ಮಹಾಯುದ್ಧ ಆ ಪೂರೈಕೆಗೆ ಪೆಟ್ಟು ಕೊಟ್ಟಿತು. 1917ರಲ್ಲಿ ಜೇಮ್ಸ್ ಕರಿ ಎಂಬ ವಿಜ್ಞಾನಿ, ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಜಾಸ್ತಿ ಸಕ್ಕರೆಯ, ಹುಳಿಯಾದ ದ್ರಾವಣದಲ್ಲಿ ಬೆಳೆಸಿದರೆ ಸಿಟ್ರಿಕ್ ಆಮ್ಲ ಹೇರಳವಾಗಿ ಸಿಗುತ್ತದೆ ಎಂದು ತೋರಿಸಿದ. ಆ ಹುಳಿಯಲ್ಲಿ ಬೇರೆ ಸೂಕ್ಷ್ಮಜೀವಿಗಳು ಬದುಕುವುದೇ ಕಷ್ಟ. ಹಾಗಾಗಿ ತೊಟ್ಟಿ ಕೆಡುವ ಭಯವೂ ಕಡಿಮೆ. 1919ರಲ್ಲಿ ಅಮೆರಿಕದ ಫೈಜರ್ ಕಂಪನಿ ಇದನ್ನು ಕಾರ್ಖಾನೆಗೆ ತಂದಿತು. ಈಗ ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್‌ಗೂ ಜಾಸ್ತಿ ತಯಾರಾಗುತ್ತದೆ, ಹೆಚ್ಚುಕಡಿಮೆ ಎಲ್ಲವೂ ಇದೇ ಬೂಷ್ಟಿನಿಂದ. ತೊಟ್ಟಿಯಲ್ಲಿ ಬೂಷ್ಟು ಬೆಳೆಸಿದ ಅನುಭವವೇ 1944ರಲ್ಲಿ ಅದೇ ಕಂಪನಿಗೆ ಪೆನಿಸಿಲಿನ್ ತಯಾರಿಸಲು ನೆರವಾಯಿತು. ಪೆನಿಸಿಲಿನ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಕ್ಕೆ ದಾರಿ ಮಾಡಿಕೊಟ್ಟ ಈ ಹುಳಿಯ ಕೆಲಸಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು, ಅಲ್ವಾ?

ಹೊಲದ ಮಟ್ಟಿಗೆ 1932 ಮುಖ್ಯ ವರ್ಷ. ಟ್ರೈಕೋಡರ್ಮಾ ಜಾತಿಯ ಶಿಲೀಂಧ್ರವೊಂದು ಬೇರು ಕೊಳೆಸುವ ರೈಜೋಕ್ಟೋನಿಯಾ ಎಂಬ ಇನ್ನೊಂದು ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು ಅದನ್ನೇ ತಿನ್ನುವುದನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ ಆ ವರ್ಷ ವಿವರಿಸಿದ. ಇವತ್ತು ರೈತರು ಬೀಜಕ್ಕೆ ಲೇಪಿಸುವ, ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ಪುಡಿಯ ಮೂಲ ಇಲ್ಲಿದೆ. ಆದರೆ ರೋಗ ಬಲಿತ ಮೇಲೆ ಸುರಿದರೆ ಹೆಚ್ಚು ಫಲವಿಲ್ಲ. ಮಣ್ಣಿನಲ್ಲಿ ತೇವ, ಕೊಳೆತ ಸೊಪ್ಪುಸದೆ ಇದ್ದರೆ ಅದು ನೆಲೆಯೂರುತ್ತದೆ. ಶಿಲೀಂಧ್ರನಾಶಕದ ಜೊತೆಗೇ ಕಲಸಿದರೆ ಅದೂ ಸಾಯಬಹುದು.

ಪರಿಸರವನ್ನು ಶುಚಿ ಮಾಡುವ ಕೆಲಸ ಮಾತ್ರ ಹಿಂದೆ ಬಿದ್ದಿದೆ. ಮರದ ಗಟ್ಟಿ ಅಂಶವಾದ ಲಿಗ್ನಿನನ್ನು ಪೂರ್ತಿ ಒಡೆಯುವ ತಾಕತ್ತು ಇರುವುದು ಮುಖ್ಯವಾಗಿ ಮರವನ್ನು ಬೆಳ್ಳಗೆ ಕೊಳೆಸುವ ‘ಬಿಳಿ ಕೊಳೆ’ ಶಿಲೀಂಧ್ರಗಳಿಗೆ. ಅವು ಕೀಟನಾಶಕ ಡಿಡಿಟಿಯಂಥ ಹಠಮಾರಿ ವಿಷವನ್ನೂ ಒಡೆಯುತ್ತವೆ ಎಂದು 1985ರಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಬಯಲಿನಲ್ಲಿ ಅಷ್ಟು ಸುಲಭವಿಲ್ಲ. ಅಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಪೈಪೋಟಿ ಇದೆ, ಗಾಳಿಯಾಡುವುದು ಕಮ್ಮಿ. ಜೊತೆಗೆ ಈ ಶಿಲೀಂಧ್ರಗಳು ವಿಷ ತಿಂದೇ ಬದುಕುವುದಿಲ್ಲ. ಮರದ ಚಕ್ಕೆಯನ್ನೋ ಹುಲ್ಲನ್ನೋ ಬೆರೆಸಿ ಊಟ ಕೊಡಬೇಕು. ಆ ಊಟದ ಜೊತೆಗೆ ವಿಷವೂ ಒಡೆಯುತ್ತದೆ. ಆದ್ದರಿಂದ ಅಣಬೆಯೊಂದು ಪ್ಲಾಸ್ಟಿಕ್ ರಾಶಿಯನ್ನೆಲ್ಲ ತಿಂದು ಮುಗಿಸುತ್ತದೆ ಎಂಬ ಸುದ್ದಿ ಕಂಡರೆ, ಪ್ರಯೋಗ ನಡೆದದ್ದು ಸೀಸೆಯಲ್ಲೋ ಮಣ್ಣಿನಲ್ಲೋ ಎಂದು ಮೊದಲು ನೋಡಿ.